ಅಧ್ಯಕ್ಷೆಯನ್ನು ಕರೆದರೆ ಗಂಡ ಬಂದರು

ಚಿಂತಾಮಣಿ ಕಡೆಯ ಒಂದು ಹಳ್ಳಿ. ಇನ್ನೂ ಬೆಳಕು ಹರಿದಿಲ್ಲ. ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದ ಹೆಂಗಸರ ಸಾಲಿನ ಕೊನೆಗೆ ಬರಿಗೈಯಲ್ಲಿ, ಮಫ್ಲರ್ ಸುತ್ತಿಕೊಂಡ ಗಂಡಸೊಬ್ಬರು ಆಕಳಿಸುತ್ತ ನಿಂತಿದ್ದಾರೆ. ಅವರು ರಾಜ್ಯಶಾಸ್ತ್ರದ ಮೇಷ್ಟ್ರು ಬಯ್ಯಪ್ಪ. ಬಂದಿರುವುದು ಪಂಚಾಯ್ತಿ ಅಧ್ಯಕ್ಷೆ ಮುನಿಶಾಮಮ್ಮನವರನ್ನು ಕಾಣಲು.

ನಗರಗೆರೆಯಲ್ಲಿ ರಾಗಿ ಬೆಳೆಯುವ ಮನೆಗೆ ಬಯ್ಯಪ್ಪನವರೇ ಮೊದಲ ಎಂ.ಎ. ಬೆಳಿಗ್ಗೆ ಚಿಂತಾಮಣಿಯ ಕಾಲೇಜು, ಮಧ್ಯಾಹ್ನ ಶಿಡ್ಲಘಟ್ಟದ್ದು, ನಡುವೆ ಬಸ್ಸಿನಲ್ಲೇ ಬುತ್ತಿ. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಬಂದ ಅತಿಥಿ ಎರಡು ದಿನವಿದ್ದು ಹೋಗಬೇಕು. ಇವರ ತಲೆ ನೆರೆತರೂ ಅತಿಥಿತನ ಮುಗಿದಿಲ್ಲ. "ಪಾಠ ಮಾಡೋದು ಸುಸ್ತಲ್ಲ. ವರ್ಷಾವರ್ಷ ಮತ್ತೆ ಕರೀತಾರೋ ಇಲ್ವೋ ಅಂತ ಕಾಯೋದಿದೆಯಲ್ಲ, ಅದು ಸುಸ್ತು," ಎನ್ನುತ್ತಾರೆ.

ಪಂಚಾಯ್ತಿಗೆ ಗೆದ್ದ ಹೆಂಗಸರು ಸಭೆಯಲ್ಲೇಕೆ ಬಾಯಿ ಬಿಡುವುದಿಲ್ಲ ಎಂಬುದು ಅವರ ಸಂಶೋಧನೆ. ಪಂಚಾಯ್ತಿ ಆಫೀಸಿನಲ್ಲಿ ಕೇಳಿದರೆ ಉತ್ತರ ಕೊಡುವವರು ಗಂಡಂದಿರು. ಅದಕ್ಕೇ ಡೇರಿ ಸಾಲು ಹಿಡಿದಿದ್ದಾರೆ. ಗಂಡಂದಿರು ಏಳುವ ಮುನ್ನ ಇಲ್ಲಿ ಚರಂಡಿ, ಬೋರ್‌ವೆಲ್, ಬೀದಿದೀಪ ಎಲ್ಲದರ ಮಾತೂ ಧಾರಾಳವಾಗಿ ಆಗುತ್ತದೆ.

ಇಷ್ಟು ತಿಳಿದ ಮೇಷ್ಟ್ರೇ ಕಳೆದ ತಿಂಗಳು ಎಡವಿದರು. ಹುಡುಗಿಯರು ನೋಡಲಿ ಎಂದು ಮುನಿಶಾಮಮ್ಮನವರನ್ನು ತರಗತಿಗೆ ಕರೆದಿದ್ದರು. ಬಂದದ್ದು ಅವರ ಯಜಮಾನರು ಮೋಹನ್‌ಬಾಬು. ಹಾರ ಹಾಕಿಸಿಕೊಂಡು, ಮಹಿಳಾ ಸಬಲೀಕರಣದ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಹೋದರು. ಹಿಂದಿನ ಬೆಂಚಿನವರು ನಕ್ಕಿದ್ದು ಬಯ್ಯಪ್ಪನವರಿಗೆ ಇನ್ನೂ ಚುಚ್ಚುತ್ತಿದೆ.

"ಆಯಪ್ಪನ ನಂಬರ್‌ಗೆ ಫೋನ್ ಮಾಡ್ದೋನು ನಾನೇ. ಅಮ್ಮನ ನಂಬರ್ ಕೇಳ್ಬೇಕು ಅಂತ ಹೊಳೀಲೇ ಇಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದಂಗಾಯ್ತು."

ರಾಜ್ಯಶಾಸ್ತ್ರಕ್ಕೆ ಸೇರುವವರು ಕಡಿಮೆಯಾಗಿ, ಈ ವರ್ಷಕ್ಕೆ ವಿಭಾಗ ಮುಚ್ಚುವ ಮಾತಿದೆ. ಚಿಂತಾಮಣಿಯ ಕಾಲೇಜಿನಲ್ಲಿ ಈ ಶನಿವಾರದ್ದೇ ಕೊನೆಯ ತರಗತಿಯಾಗಬಹುದು. ಫೋನಿನ ಗೊಡವೆಯೇ ಬೇಡವೆಂದು ಈ ಸಲ ಅಧ್ಯಕ್ಷೆಯನ್ನು ಆ ತರಗತಿಗೆ ಖುದ್ದಾಗಿ ಕರೆಯಲು ಬಂದಿದ್ದಾರೆ.

ಹಾಲು ಅಳೆಸಿ ಬಂದ ಮುನಿಶಾಮಮ್ಮ ವಿಷಯ ಕೇಳಿ ಸೆರಗು ಸರಿಮಾಡಿಕೊಳ್ಳುತ್ತಾರೆ. ತನಗೇನು ಮಾತು ಬರುತ್ತದೆ, ಯಜಮಾನರನ್ನೇ ಕಳಿಸುತ್ತೇನೆ ಎನ್ನುತ್ತಾರೆ.

"ಬೇಡಮ್ಮ. ಇಲ್ಲಿ ಮಾತಾಡೋದನ್ನೇ ಅಲ್ಲೂ ಮಾತಾಡಿ, ಸಾಕು."

ಅವರು ಖಾಲಿ ಕ್ಯಾನು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಾರೆ. "ಚಿಂತಾಮಣಿ ಬಸ್ಸು ಎಷ್ಟೊತ್ತಿಗೆ ಸಾರ್? ನಾನೊಬ್ಳೇ ಯಾವತ್ತೂ ಹತ್ತಿಲ್ಲ."

ಬಯ್ಯಪ್ಪ ಹೊತ್ತು ಹೇಳುತ್ತಾರೆ. ಆಕೆ ತಿರುವಿನಲ್ಲಿ ಮರೆಯಾದ ಮೇಲೆ ಡೇರಿಯ ಕಟ್ಟೆಯ ಮೇಲೆ ಕೂರುತ್ತಾರೆ.

"ವಿಭಾಗ ಉಳಿಯಲ್ಲ, ಗೊತ್ತು. ಶನಿವಾರ ಅಮ್ಮ ಬಸ್ಸಿಂದ ಒಬ್ರೇ ಇಳಿದ್ರೆ ಸಾಕು, ನನ್ನ ಪಾಠ ಪೂರ್ತಿ ಆದಂಗೆ."