ಮುಮತಾಜಬಿಯ ಗುಡ್ಡೆಗಳು

ಟಪ್. ಟಪ್ ಟಪ್. ತಗಡಿನ ಶೆಡ್ಡಿನ ಆ ತುದಿಯಿಂದ ಬರುತ್ತಿದ್ದ ಸದ್ದು ಮಳೆಯ ಮೊದಲ ದಪ್ಪ ಹನಿಗಳಂತಿತ್ತು. ಹೊರಗೆ ನೋಡಿದರೆ ಸುಡುಬಿಸಿಲು. ಹೊಸ ಯಂತ್ರ ತನ್ನ ಕ್ಯಾಮೆರಾ ಕಣ್ಣಿನಿಂದ ಹೆಸರುಕಾಳನ್ನು ನೋಡಿ, ಬೇಡವಾದದ್ದನ್ನು ಗಾಳಿ ಊದಿ ಬದಿಗೆ ತಳ್ಳುತ್ತಿತ್ತು.

ಮುಮತಾಜಬಿ ಮೊರದಿಂದ ತಲೆ ಎತ್ತಲಿಲ್ಲ. ನರೇಗಲ್ಲಿನ ಈ ಬೇಳೆ ಮಿಲ್ಲಿನಲ್ಲಿ ಕಾಳು ಹಸನು ಮಾಡುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು. ಸುತ್ತ ಕುಳಿತ ಹೆಂಗಸರೆಲ್ಲ ಅವಳ ಎದುರಿಗೆ ಕುಳಿತೇ ಕೆಲಸ ಕಲಿತವರು.

ಅದು ಎರಡು ಸಾವಿರದ ಏಳು, ಹೊಸ ಹೆಸರುಕಾಳು ಬಂದ ಕಾಲ. ಮಿಲ್ಲಿನ ಸಾವ್ಕಾರ ಗುರುಪಾದಪ್ಪ ಮಾರುವವರ ಬಾಯಿಮಾತು ನಂಬಿ ಕೊಳ್ಳುವವನಲ್ಲ. ಯಂತ್ರವನ್ನು ಪರೀಕ್ಷೆಗೆಂದು ತರಿಸಿದ್ದ. ಒಂದೇ ರಾಶಿಯನ್ನು ಎರಡು ಪಾಲು ಮಾಡಿ, ಒಂದನ್ನು ಯಂತ್ರಕ್ಕೆ, ಒಂದನ್ನು ಹೆಂಗಸರಿಗೆ ಕೊಟ್ಟ. ಹಸನಾದ ಮೇಲೆ ಎರಡೂ ತಟ್ಟೆಗಳನ್ನು, ಯಾವುದು ಯಾರದೆಂದು ಹೇಳದೆ, ಗದಗಿನ ವ್ಯಾಪಾರಿಯೊಬ್ಬನ ಮುಂದಿಟ್ಟ.

ಮೊದಲ ಸಲ ಯಂತ್ರ ಸೋತಿತು. ಹಸಿರು ಛಾಯೆಯ ಹರಳುಕಲ್ಲು ಅದಕ್ಕೆ ಕಾಳಾಗಿಯೇ ಕಂಡಿತ್ತು.

"ಇಷ್ಟ ದೊಡ್ಡ ಮಷೀನಿನ ಕಣ್ಣಿಗೆ ಪೊರಿ ಬಂದೈತಿ ನೋಡ ಯಕ್ಕಾ," ಎಂದಳು ಅಡಿವೆವ್ವ. "ದವಾಖಾನಿಗೆ ಒಯ್ಯಾಕ ಹೇಳು ಸಾವ್ಕಾರಗ!"

ಎಲ್ಲರೂ ನಕ್ಕರು. ಮುಮತಾಜಬಿಯೂ ನಕ್ಕಳು.

ಸಂಜೆ ಯಂತ್ರದ ಮೆಕ್ಯಾನಿಕ್ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಆರಿಸಿ ತೆಗೆದದ್ದನ್ನು ಒಟ್ಟಿಗೆ ಸುರಿಯುವುದು ಅವಳಿಗೆ ಎಂದೂ ಆಗದು. ಹರಳು ಒಂದು ಗುಡ್ಡೆ, ಮಣ್ಣಿನ ಹೆಂಟೆ ಇನ್ನೊಂದು; ಹುಳುಕು ಕೋಳಿಗೆ, ಜೊಳ್ಳು ದನಕ್ಕೆಂದು ಬೇರೆ ಬೇರೆ. ಅವನು ಆ ಗುಡ್ಡೆಗಳನ್ನು ಬಹಳ ಹೊತ್ತು ನೋಡಿದ.

"ಇವನ್ನ ಒಯ್ಲೇನ್ರಿ ಅಮ್ಮಾ?"

"ಒಯ್ಯೋ ನಮ್ಮಪ್ಪಾ. ಕಸಾನ ಹೌದಲ್ಲ."

ಮರುದಿನ ಅವನು ಒಂದೊಂದೇ ಗುಡ್ಡೆಯನ್ನು ಯಂತ್ರದೊಳಗೆ ಸುರಿದು, ಇದು ಬೇಡ, ಇದೂ ಬೇಡ ಎಂದು ಅದಕ್ಕೆ ಗುರುತು ಹಿಡಿಸಿದ. ಟಪ್ ಟಪ್ ದಟ್ಟವಾಯಿತು. ಮುಂದಿನ ಪರೀಕ್ಷೆಯಲ್ಲಿ ವ್ಯಾಪಾರಿಗೆ ಎರಡು ತಟ್ಟೆಗಳಲ್ಲಿ ಫರಕೇ ಕಾಣಲಿಲ್ಲ. ಮತ್ತೊಮ್ಮೆ ಮಾಡಿಸಿದರೂ ಅಷ್ಟೇ. ಹೆಂಗಸರ ಪಾಲು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಯಂತ್ರದ ಪಾಲು ಬೆಳಗಿನ ಚಹಾಕ್ಕೆ ಮೊದಲೇ ಮುಗಿದಿತ್ತು. ಅಡಿವೆವ್ವ ಅಂದು ಯಾವ ಚೇಷ್ಟೆಯನ್ನೂ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಗುರುಪಾದಪ್ಪ ಮುಮತಾಜಬಿಯನ್ನು ಕರೆಸಿದ. ಎಂದೂ ಇಲ್ಲದೆ ಸ್ಟೂಲು ಸರಿಸಿ ಕೂಡೆಂದ. ಅವಳು ಕೂಡಲಿಲ್ಲ.

"ನೀ ಇರು ಮುಮತಾಜಬಿ. ಮಷೀನ್ ಬಾಜೂಕ ಕುಂತು, ಅದು ತಪ್ಪಿದ್ರ ತೋರಸು. ಪಗಾರ ಜಾಸ್ತಿ ಮಾಡ್ತೇನಿ."

"ಉಳದವ್ರು, ಸಾವ್ಕಾರ್ರ?"

"ನಾ ಮನಸಿಗೆ ಬಂದಂಗ ಮಾಡಿಲ್ಲಬೇ. ನಿಮ್ಮ ಕಣ್ಣಮುಂದನ ತಿರುಗಿ ಮುರುಗಿ ನೋಡೇನಿ." ಅವನ ದನಿ ತಗ್ಗಿತು. "ನಾಳಿಂದ ಬರೂದು ಬ್ಯಾಡಂತ ಅವ್ರಿಗೆ ನೀನ ಹೇಳಿಬಿಡು. ನಿನ್ನ ಮಾತು ಕೇಳ್ತಾರ."

ಶೆಡ್ಡಿನ ನೆರಳಿನಲ್ಲಿ ಹೆಂಗಸರು ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದರು.

"ಅದಕ್ಕ ಕಲಿಸಿದವ್ರು ಯಾರು ಅಂತ ಕೇಳಿದ್ರ?"

"ಅದನ್ನ್ಯಾಕ ಹೇಳ್ತಿ? ಮಷೀನ್ ತಾನ ಕಲ್ತೈತಿ ಅನ್ನು. ಮತ್ತ ನಾಳಿ ಜರಾ ಲಗೂ ಬಾ, ಕಡ್ಲಿಗೂ ಅಂಥಾವ ಗುಡ್ಡಿ ಬೇಕಂತ ಆ ಮೆಕ್ಯಾನಿಕ್ಕಗ, ನೀ ಆದ್ರ ಚಲೋ..."

ಮುಮತಾಜಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ಇನ್ನೂ ಮಾತಾಡುತ್ತಿದ್ದಂತೆಯೇ ಹೆಂಗಸರು ಕುಳಿತಿದ್ದ ಕಡೆಗೆ ನಡೆದುಬಿಟ್ಟಳು.