ಕಂಪೌಂಡರ್ ಕಾಕಾ ಕಲಿಸಿದ ‘ಟೇಕ್’

ಬೆಳಿಗ್ಗೆ ಎಮ್ಮೆ ಹಿಂಡಿದೆ, ಹಿತ್ತಲ ಕಸ ಹೊಡೆದೆ, ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ, ಹದಿನಾಲ್ಕು ರೊಟ್ಟಿ ಬಡಿದೆ, ಮುಗ್ಗು ವಾಸನೆ ಹೊಡೆಯುತ್ತಿದ್ದ ಹಾಸಿಗೆಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಉಂಡು, ನನ್ನ ರಕ್ತದೊತ್ತಡದ ಗುಳಿಗೆಯ ಚೀಟಿ ಓದಿದೆ. ಇಂಥ ಚೀಟಿ ಓದುವಾಗಲೆಲ್ಲ ಅದರ ಮೇಲೆ ಒಂದು ಬೆರಳು ಸರಿದಂತೆ ಅನಿಸುತ್ತದೆ. ದಪ್ಪನೆಯ ತೋರುಬೆರಳು, ತುದಿಯೆಲ್ಲ ನೇರಳೆ ಬಣ್ಣ, ಉಗುರಿನ ಸಂದಿಯಲ್ಲೂ ನೇರಳೆ. ಹುಣ್ಣಿಗೆ ಹಚ್ಚುವ ಔಷಧದ ಬಣ್ಣ ಅದು. ತೊಳೆದರೂ ಹೋಗದಷ್ಟು ವರ್ಷ ಊರವರ ಹುಣ್ಣಿಗೆಲ್ಲ ಹಚ್ಚಿದ, ನಮ್ಮೂರ ಸರ್ಕಾರಿ ದವಾಖಾನೆಯ ಕಂಪೌಂಡರ್ ಅವರ ಬೆರಳು. ಊರಿಗೆ ಅವರು ಕಂಪೌಂಡರ್ ಸಾಹೇಬರು, ನನಗೆ ಕಾಕಾ.

ನಮ್ಮೂರು ಸಂಶಿಯ ಹತ್ತಿರದ ಹಳ್ಳಿ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹೊಸ ಸೊಸೆ. ಏಳನೇ ಇಯತ್ತೆವರೆಗೆ ಓದಿದ್ದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅರ್ಥ ಮಾತ್ರ ಅಷ್ಟಕ್ಕಷ್ಟೇ. ಆ ಮಳೆಗಾಲಕ್ಕೆ ಮುಂಚೆ ಅತ್ತೆಗೆ ಕೆಮ್ಮು ಹಿಡಿದು ಕಫದಲ್ಲಿ ರಕ್ತ ಕಾಣಿಸಿತು. ನಮ್ಮ ಮನೆಯವರು ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿಕೊಂಡು ಬಂದರು. ಕ್ಷಯ. ವರ್ಷದ ತನಕ ಮುಂಜಾನೆ, ಸಂಜೆ ಗುಳಿಗೆ. ನಡುವೆ ಬಿಟ್ಟರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಚೀಟಿಯ ಮೇಲೆ ನಾನು ‘ಟೇಕ್’ ಅನ್ನುವುದನ್ನು ಓದಿದೆ. ಟೇಕ್ ಅಂದರೆ ತಗೋ. ಅಷ್ಟು ಶಾಲೆಯಲ್ಲಿ ಕಲಿತಿದ್ದೆ. ಅತ್ತೆ ಏಳುತ್ತಲೇ ಒಮ್ಮೆ, ಸಂಜೆ ಒಮ್ಮೆ ಬರೀ ನೀರಿನ ಜೊತೆ ಕೊಡತೊಡಗಿದೆ. ಏಳು ದಿನ ಕೊಟ್ಟೆ, ಏಳೂ ದಿನ ಅವರು ವಾಂತಿ ಮಾಡಿಕೊಂಡರು.

“ಇವು ನನ್ನ ತಗೊಂಡು ಹೋಗಾಕ ಬಂದ ಗುಳಿಗಿ. ಹಳ್ಳಕ್ಕ ಒಗದು ಬಾ ನಡಿ,” ಅಂದರು ಎಂಟನೆಯ ದಿನ.

ಗುಳಿಗೆ ಕಟ್ಟಿಕೊಂಡು ಹೊರಟವಳು ಹಳ್ಳದ ದಾರಿ ಬಿಟ್ಟು ದವಾಖಾನೆಗೆ ಹೋದೆ. ಕಾಕಾ ಚೀಟಿಯ ಮೇಲೆ ಬೆರಳಿಟ್ಟರು.

“ಇಲ್ಲಿತನಕ ಓದಿ ನಿಂತಬಿಟ್ಟಿ ನೀ. ಮುಂದ ಓದು.”

“ಆಫ್ಟರ್ ಫುಡ್.”

“ಅಂದ್ರ?”

“ಗೊತ್ತಿಲ್ರಿ ಕಾಕಾ.”

“ಊಟಾದ ಮ್ಯಾಲೆ ಅಂತ, ತಂಗಿ. ಬರೇ ಹೊಟ್ಟ್ಯಾಗ ಕೆಂಡ ಹಾಕೀದಿ.”

ನನಗೆ ಅಳು ಬಂತು. ಅವರು ಬೈಯಲಿಲ್ಲ. ಖಾಲಿ ಔಷಧಿ ಡಬ್ಬಿಯೊಂದನ್ನು ಹರಿದು, ಒಳಮಗ್ಗಲಿನ ಬಿಳಿ ರಟ್ಟಿನ ಮೇಲೆ ದೊಡ್ಡದಾಗಿ ‘ಟೇಕ್’ ಎಂದು ಇಂಗ್ಲಿಷಿನಲ್ಲಿ ಬರೆದರು. “ಈ ಟೇಕ್ ಅದಾನಲ್ಲ, ಒಬ್ಬನ ಎಂದೂ ಬರಂಗಿಲ್ಲ. ಯಾರನ್ನ ಕರಕೊಂಡು ಬಂದಾನ ನೋಡಿ ಮಾತಾಡಸಬೇಕು.”

ಅಂದಿನಿಂದ ಗುಳಿಗೆ ತರಲು ಹೋದಾಗಲೆಲ್ಲ ಆ ರಟ್ಟಿನ ಮೇಲೆ ಒಂದು ಸಾಲು ಏರುತ್ತಿತ್ತು. ಟೇಕ್ ರೆಸ್ಟ್ ಅಂದರೆ ವಿಶ್ರಾಂತಿ ಮಾಡು. ಟೇಕ್ ಆಫ್ ಅಂದರೆ ಬಿಚ್ಚು, ತೆಗೆ. ಟೇಕ್ ಕೇರ್ ಅಂದರೆ ಜ್ವಾಕಿ, ಜೋಪಾನ. ಎದೆಯ ಫೋಟೊ ತೆಗೆಯುವಾಗ ಉಸಿರು ಎಳೆದುಕೊಳ್ಳುವುದೂ ಟೇಕ್, ಜ್ವರ ಎಷ್ಟಿದೆ ಎಂದು ನೋಡುವುದೂ ಟೇಕ್. ಇಂಗ್ಲಿಷ್ ಮಂದಿ ಜಳಕವನ್ನೂ ‘ತಗೋತಾರೆ’, ಅಡ್ಡಾಡುವುದನ್ನೂ ‘ತಗೋತಾರೆ’ ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

“ಬರೇ ತಗೊಳ್ಳೂದ ಆತಲ್ರಿ ಕಾಕಾ, ಕೊಡೂದು ಯಾವಾಗ?”

“ಅದು ಬ್ಯಾರೆ ಶಬ್ದ. ಮುಂದಿನ ವರ್ಷ ಕಲಸ್ತೀನಿ. ಮೊದಲ ಇದನ್ನ ಒಪ್ಪಸು.”

ಒಪ್ಪಿಸುವುದು ಅವರ ಪದ್ಧತಿ. ಯಾರಿಗೆ ಔಷಧ ಕೊಟ್ಟರೂ ಬಾಯಿಂದ ತಿರುಗಿ ಹೇಳಿಸದೆ ಬಿಡುತ್ತಿರಲಿಲ್ಲ. “ಏನಂದೆ ಹೇಳು?” ಎಂದು ತಡೆದು ನಿಲ್ಲಿಸಿದರೆ, ಮೀಸೆ ಹಣ್ಣಾದ ಗೌಡರೂ ಶಾಲೆ ಹುಡುಗರಂತೆ “ದಿನಕ್ಕ ಮೂರು, ಊಟಾದ ಮ್ಯಾಲೆ,” ಎಂದು ಒಪ್ಪಿಸಿ ಹೋಗುತ್ತಿದ್ದರು.

ರೊಟ್ಟಿ ತಿಂದ ಮೇಲೆ ಗುಳಿಗೆ ಕೊಟ್ಟಾಗ ಅತ್ತೆಗೆ ವಾಂತಿ ನಿಂತಿತು. ಎರಡು ತಿಂಗಳಲ್ಲಿ ಮುಖದ ಮೇಲೆ ಕಳೆ ಬಂತು. ಅಷ್ಟರಲ್ಲಿ ಶ್ರಾವಣ ಬಂತು.

ಮದುವೆಯಾದಾಗಿನಿಂದ ಅತ್ತೆ ಶ್ರಾವಣ ಸೋಮವಾರ ಬಿಟ್ಟವರಲ್ಲ. ಸಂಜೆ ಪೂಜೆ ಆಗುವವರೆಗೆ ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಊಟವಿಲ್ಲದೆ ಗುಳಿಗೆ ಕೊಡುವ ಹಾಗಿಲ್ಲ. ಗುಳಿಗೆ ತಪ್ಪಿಸುವ ಹಾಗೂ ಇಲ್ಲ. ಚೀಟಿ ಓದಿ ಹೇಳಿದೆ, ಕಾಲು ಹಿಡಿದೆ. “ಶಿವನ್ನ ಬಿಟ್ಟು ನಿನ್ನ ಚೀಟಿ ಕೇಳಂತೀಯೇನ?” ಅಂದರು. ಹೋಗಿ ಕಾಕಾನ ಮುಂದೆ ಹೇಳಿಕೊಂಡೆ.

ಅವರು ಅಂದೇ ಸಂಜೆ ಬಂದು ಕಟ್ಟೆಯ ಮೇಲೆ ಕುಳಿತರು. “ಅಕ್ಕಾರ, ಮನ್ಯಾಗ ಒಬ್ಬರಿಗೆ ಜಡ್ಡಾದ್ರ ಅವರ ಉಪಾಸ ಮತ್ತೊಬ್ಬರು ಹಿಡೀತಾರಲ್ರಿ?”

“ಹಿಡೀತಾರ. ನಮ್ಮ ಮನ್ಯಾಗ ಹಿಡಿಯಾವ್ರ ಯಾರದಾರ್ರಿ? ಸೊಸಿ ಬಸರಿ. ಮಗ ದಿನಾ ಹೊಲದಾಗ ದುಡಿಯಾಂವ.”

“ಹಂಗಾದ್ರ ನಾ ಹಿಡೀತೀನ್ರಿ.”

ಅತ್ತೆ ನಕ್ಕೇಬಿಟ್ಟರು, ನಕ್ಕು ಕೆಮ್ಮಿದರು. “ನೀವ? ನಮ್ಮ ಶಿವಗ?”

“ಮೊನ್ನೆರ ರಂಜಾನದಾಗ ತಿಂಗಳ ರೋಜಾ ಮುಗಸೇನ್ರಿ, ಹೊಟ್ಟಿಗೆ ರೂಢಿ ಐತಿ. ಅಂವೇನು ಹೆಸರ ಕೂಗಿ ಹಾಜರಿ ತಗೋತಾನೇನ್ರಿ?”

ಮೊದಲ ಸೋಮವಾರ ಬೆಳಿಗ್ಗೆ ಅತ್ತೆ ನನ್ನನ್ನು ಕರೆದು, “ಚುರುಮುರಿ ಸೂಸಲಾ ಮಾಡು. ಶೇಂಗಾ ಭಾಳ ಹಾಕು, ಒಗ್ಗರಣಿ ಘಮ್ ಅನ್ನಬೇಕು. ಬಿಸಿ ಇದ್ದಂಗನ ಒಯ್ದು ಕಂಪೌಂಡರಿಗೆ ಕೊಡು. ತಿಂತಾರೇನು ನೋಡಿ ಬಾ,” ಅಂದರು.

ಡಬ್ಬಿಯ ಮುಚ್ಚಳ ತೆಗೆದೊಡನೆ ಕಾಕಾಗೆ ತಿಳಿಯಿತು. ತುಟಿ ಒಣಗಿತ್ತು, ಕಣ್ಣು ನಗುತ್ತಿತ್ತು. “ಪರೀಕ್ಷಾ ಮಾಡಾಕ ಕಳಿಸ್ಯಾರೇನು? ಪಾಸಾದೆ ಅಂತ ಹೇಳು. ಇದನ್ನ ಅಲ್ಲಿ ಸಾಲಿನ್ಯಾಗ ಕುಂತಾರಲ್ಲ, ಅವರಿಗೆ ಹಂಚು. ಲಗೂನ ಹಂಚಿ ಹೋಗವಾ, ವಾಸನಿಗೆ ಜೀವ ಹೊಂಟೈತಿ.”

ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ಅತ್ತೆ ದೇವರ ಜಗಲಿಯ ಕಡೆ ತಿರುಗಿ ಕೈ ಮುಗಿದರು. ಆಮೇಲೆ, “ರೊಟ್ಟಿ ತಾ,” ಅಂದರು. ಅರ್ಧ ರೊಟ್ಟಿ ತಿಂದು, ತಾವೇ ಕೈಚಾಚಿ ಗುಳಿಗೆ ಕೇಳಿದರು. ಆ ಶ್ರಾವಣದ ಒಂದು ಸೋಮವಾರವೂ ಗುಳಿಗೆ ತಪ್ಪಲಿಲ್ಲ.

ಅತ್ತೆ ಆಮೇಲೆ ಹದಿನಾರು ವರ್ಷ ಬದುಕಿದರು. ಅವತ್ತು ಹೊಟ್ಟೆಯಲ್ಲಿದ್ದ ನನ್ನ ಮಗಳನ್ನು ಎತ್ತಿ ಆಡಿಸಿ, ಶಾಲೆಗೂ ಕಳಿಸಿದರು. ಕಾಕಾಗೆ ನವಲಗುಂದದ ಕಡೆ ವರ್ಗವಾಯಿತು. ‘ಕೊಡು’ ಅನ್ನುವುದರ ಪಾಠ ಹಾಗೇ ಉಳಿಯಿತು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದಾಗ ಮಣ್ಣು ಮಾಡಿ ತಿಂಗಳಾಗಿತ್ತು. ಕೊನೆಯ ದರ್ಶನಕ್ಕೂ ಹೋಗಲಾಗದ ಆ ಕೊರತೆ ನನ್ನಲ್ಲಿ ಇನ್ನೂ ಇದೆ. ಅವರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಶ್ರಾವಣದ ಕೊನೆಯ ಸೋಮವಾರದ ಸಂಜೆ.

“ಉಪಾಸ ನಂದು, ಬಿಡೂದು ನಮ್ಮ ಮನ್ಯಾಗ ಆಗಬೇಕು,” ಎಂದು ಅತ್ತೆ ಹೇಳಿ ಕಳಿಸಿದ್ದರು. ಪೂಜೆ ಮುಗಿಯುವ ಹೊತ್ತಿಗೆ ಕಾಕಾ ಬಂದರು. ಪಡಸಾಲೆಯಲ್ಲಿ, ನಮ್ಮ ಮನೆಯವರ ಮಗ್ಗುಲಲ್ಲೇ ಅವರಿಗೂ ತಾಟು ಹಾಕಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಗೋಧಿ ಹುಗ್ಗಿ. ಹುಗ್ಗಿಯ ಮೇಲೆ ತುಪ್ಪವನ್ನು ಅತ್ತೆಯೇ ಎದ್ದು ಬಂದು ಬಡಿಸಿದರು.

“ಸಾಕ್ರಿ ಅಕ್ಕಾರ.”

“ಇನ್ನೊಂದೀಟು ಹಾಕಸ್ಕೋರಿ. ಹಸಿವಿ ಅರ್ಧಾ ನಂದೈತಿ.”

ಕಾಕಾ ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ಅವರು ಕೈ ತೊಳೆದ ಮೇಲೆ ಅತ್ತೆ ತಾವು ಉಂಡರು, ಗುಳಿಗೆ ನುಂಗಿದರು. ಕಾಕಾ ಮತ್ತು ನಮ್ಮ ಮನೆಯವರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಳೆಯ ಮಾತಾಡುತ್ತಿದ್ದರು. ನಾನು ತಾಟು ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದರು. ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಕೆಮ್ಮಿಲ್ಲ, ಗೊರಕೆ ಮಾತ್ರ.