ಹುಣಸೆಹಣ್ಣಿಗೆ ಸವೆದ ನಂಬರು

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಎಂಜಿನ್ನಿಗೂ ವಿಭೂತಿ ಹಚ್ಚುತ್ತಿದ್ದರು. ಎಪ್ಪತ್ತರ ದಶಕದ ಆರಂಭ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಮುಂದೆ ಗೋಡೌನು, ಹಿಂದೆ ವಾಸ, ನಡುವಿನ ಶೆಡ್ಡಿನಲ್ಲಿ ಒಂದು ಕಾರು. ಇಂಗ್ಲೆಂಡಿನಲ್ಲಿ ತಯಾರಾದ ಟೂ-ಸೀಟರ್ ಸ್ಪೋರ್ಟ್ಸ್ ಕಾರು. ಕಡುಹಸಿರು ಬಣ್ಣ, ಸೈಕಲ್ಲಿಗಿದ್ದ ಹಾಗೆ ಕಡ್ಡಿಗಳ ಚಕ್ರ, ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸ್ ಟಾಪು. ಚಿಕ್ಕಮಗಳೂರಿನ ಕಡೆ ಕಾಫಿ ಎಸ್ಟೇಟ್ ಇಟ್ಟುಕೊಂಡಿದ್ದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ನಮ್ಮ ಮಾವನವರು ಅದನ್ನು ಕೊಂಡಿದ್ದರು. ಕಚ್ಚೆಪಂಚೆ, ಕರಿ ಕೋಟು, ತಲೆಗೆ ರುಮಾಲು ಸುತ್ತಿಕೊಂಡು ಅವರು ಸಖರಾಯಪಟ್ಟಣದವರೆಗೆ ಅದನ್ನು ಓಡಿಸಿದರೆ ಬಸ್ಸಿನ ಡ್ರೈವರುಗಳು ಪಕ್ಕಕ್ಕೆ ನಿಲ್ಲಿಸಿ ನೋಡುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಕಾರಿಗೂ ವಯಸ್ಸಾಗಿತ್ತು, ಅವರ ಕಣ್ಣಿಗೂ ಪೊರೆ ಬರತೊಡಗಿತ್ತು.

ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಾವನವರು ನೇರ ಶೆಡ್ಡಿಗೆ ಬರುತ್ತಿದ್ದರು. ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ರಿವೆಟ್ ಹೊಡೆದು ಕೂರಿಸಿದ್ದ ಅಂಗೈಯಗಲದ ಹಿತ್ತಾಳೆ ಪ್ಲೇಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಕಾರಿನ ಕುಲಗೋತ್ರವೆಲ್ಲ ಆ ಪ್ಲೇಟಿನಲ್ಲಿತ್ತು: ಎಂಜಿನ್ ನಂಬರು, ಛಾಸಿ ನಂಬರು. ಮನೆಯಲ್ಲಿ ಹಿತ್ತಾಳೆ ಅನ್ನುವುದು ಎಲ್ಲಿದ್ದರೂ ಹೊಳೆಯಬೇಕು ಎಂದು ನಮ್ಮ ಅತ್ತೆಯ ನೇಮ. ಮಂಕಾದ ಹಿತ್ತಾಳೆ ಅವರಿಗೆ ಅಮಂಗಳ. ಹಾಗಾಗಿ ಭಾನುವಾರ ಸಂಜೆ ದೀಪದ ಕಂಬ, ಕೊಳಗ, ಚೊಂಬುಗಳ ಜೊತೆಗೆ ಆ ಪ್ಲೇಟನ್ನೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದು ಸೊಸೆಯ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಪಿಯಾನೋ ಕಲಿಸಿದ್ದರು, ನೀಟಾಗಿ ಎಸ್ಸೇ ಬರೆಯಲು ಕಲಿಸಿದ್ದರು. ಆ ಬೆರಳುಗಳಲ್ಲೇ ಏಳೆಂಟು ವರ್ಷ ಉಜ್ಜಿದೆ. ಚೆನ್ನಾಗಿಯೇ ಉಜ್ಜಿದೆ.

ನಾನು ಬಂದಾಗ ನಾದಿನಿಗೆ ಹತ್ತು ವರ್ಷ. ಅವಳಿಗೆ ಇಂಗ್ಲಿಷ್ ಹೇಳಿಕೊಟ್ಟದ್ದು ಆ ಕಾರಿನಲ್ಲೇ. ಸ್ಟಿಯರಿಂಗ್ ಹಿಡಿದು ಅವಳು, ಪಕ್ಕದ ಸೀಟಿನಲ್ಲಿ ನಾನು. ನಿಂತ ಕಾರಿನಲ್ಲೇ ಲಂಡನ್ನಿಗೆ ಹೋಗಿ ಬರುತ್ತಿದ್ದೆವು. ಚಿಕ್ಕಂದಿನಲ್ಲಿ ಅವಳಿಗೆ ಕೀಲುನೋವಿನ ಜ್ವರ ಬಂದಿತ್ತಂತೆ. ಜ್ವರ ಹೋಗುವಾಗ ಎದೆಯೊಳಗೆ ಏನನ್ನೋ ಬಿಟ್ಟು ಹೋಗಿತ್ತು. ಹದಿನೆಂಟಕ್ಕೆ ಬರುವ ಹೊತ್ತಿಗೆ ಗೋಡೌನಿನ ಆರು ಮೆಟ್ಟಿಲು ಹತ್ತಿ ಕೂತುಬಿಡುತ್ತಿದ್ದಳು. ತುಟಿಯ ಅಂಚಿನಲ್ಲಿ ನೇರಳೆಹಣ್ಣು ತಿಂದಂಥ ಬಣ್ಣ.

ಬೆಂಗಳೂರಿನ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಾವನವರಿಗೆ ಕನ್ನಡದಲ್ಲಿ ಹೇಳಿದವಳು ನಾನೇ. ಹೃದಯದ ಒಂದು ವಾಲ್ವ್ ಕಿರಿದಾಗಿದೆ. ಈಗಲೇ ಆಪರೇಷನ್ ಮಾಡಿದರೆ ಅದನ್ನೇ ಬಿಡಿಸಿ ಅಗಲ ಮಾಡಬಹುದು. ತಡವಾದರೆ ಅದು ಕೆಲಸಕ್ಕೆ ಬಾರದಂತಾಗುತ್ತದೆ, ಆಮೇಲಿನದನ್ನು ಹೇಳಲಾಗದು. ಈ ವರ್ಷ ದಾಟಿಸಬೇಡಿ.

ದೇವನೂರಿನ ಜಮೀನಿನ ಖಾತೆ ದಾಯಾದಿಗಳ ಜೊತೆ ಒಟ್ಟಿಗಿದ್ದು ಕೋರ್ಟಿನಲ್ಲಿತ್ತು. ತಕ್ಷಣಕ್ಕೆ ಮಾರಬಹುದಾದದ್ದು ಒಂದೇ. ನಮ್ಮ ಯಜಮಾನರು ವಿಚಾರಿಸಿ ವಿಚಾರಿಸಿ, ಹಳೆಯ ಕಾರುಗಳನ್ನು ಕೊಂಡು ಮಾರುವ ಬೊಂಬಾಯಿಯ ಒಬ್ಬರ ವಿಳಾಸ ತಂದರು. ಕಾಗದ ಬರೆದದ್ದು ನಾನು. ಬಂದ ಉತ್ತರ ಓದಿ ಹೇಳಿದ್ದೂ ನಾನು. ಎಲ್ಲ ನಂಬರುಗಳೂ ತಾಳೆಯಾದರೆ, ಕಾರ್ಖಾನೆಯಿಂದ ಬಂದ ಭಾಗಗಳೇ ಇದ್ದರೆ, ನಾವು ಕನಸಿನಲ್ಲೂ ಎಣಿಸದಿದ್ದ ರೇಟು ಕೊಡುತ್ತೇನೆಂದು ಬರೆದಿದ್ದರು. ಆ ದುಡ್ಡಿನಲ್ಲಿ ಆಪರೇಷನ್ ಪೂರ್ತಿ ಆಗುತ್ತಿತ್ತು. ಏನನ್ನಾದರೂ ಬದಲಾಯಿಸಿದ್ದರೆ ಮೂರರಲ್ಲಿ ಒಂದು ಪಾಲು ಮಾತ್ರ. ಕೊನೆಯಲ್ಲಿ, ನಾನು ಬರುವವರೆಗೆ ದಯವಿಟ್ಟು ಬಣ್ಣ ಹೊಡೆಸಬೇಡಿ, ಏನನ್ನೂ ಮುಟ್ಟಬೇಡಿ, ಎಂದು ಗೆರೆ ಎಳೆದು ಬರೆದಿದ್ದರು.

ಮಾವನವರು ತೊಡೆ ತಟ್ಟಿದರು. "ನನ್ನ ಗಾಡೀಲಿ ಒಂದು ಬೋಲ್ಟಾದ್ರೂ ಬದ್ಲಾಗಿದ್ರೆ ಕೇಳು. ಅಜ್ಜಂಪುರದ ಮೇಸ್ತ್ರಿ ಬಿಟ್ರೆ ಬ್ಯಾರೆ ಯಾವನ್ ಕೈನೂ ಮುಟ್ಟಿಲ್ಲ. ನೀನೇ ಒಂದ್ಸಲ ನೋಡ್ಬಿಡಮ್ಮ, ನಂಗೆ ಕಣ್ಣು ಮಂಜು."

ಬಾನೆಟ್ ಎತ್ತಿದೆ. ಸೋಮವಾರದ ವಿಭೂತಿ ಇನ್ನೂ ಇತ್ತು. ಸೆರಗಿನಿಂದ ಒರೆಸಿದೆ. ಪ್ಲೇಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖವಿತ್ತು, ನಂಬರಿರಲಿಲ್ಲ. ಓರೆಯಾಗಿ ನೋಡಿದರೆ ಮೊದಲ ಅಕ್ಷರದ ಒಂದು ಕಾಲು, ಕೊನೆಯ ಸೊನ್ನೆಯ ನೆರಳು.

ಇದು ಒಂದು ದಿನದಲ್ಲಿ ಆದದ್ದಲ್ಲವಲ್ಲ. ವಾರವಾರವೂ ಬೆರಳ ಕೆಳಗೆ ಅಂಕಿಗಳು ತೆಳ್ಳಗಾಗುವುದು ನನಗೆ ಗೊತ್ತಿತ್ತು. ನಾದಿನಿಯನ್ನು ಬಿಟ್ಟರೆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಹೆಂಗಸು ನಾನೊಬ್ಬಳೇ, ಆದರೂ ಬಾಯಿ ಬಿಟ್ಟಿರಲಿಲ್ಲ. ಹೊಳೆದಷ್ಟೂ ಅತ್ತೆ ಮೆಚ್ಚುತ್ತಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

"ಏನಮ್ಮ, ಸರಿಯಾಗಿದ್ಯಾ?" ಶೆಡ್ಡಿನ ಬಾಗಿಲಿಂದ ಮಾವನವರು ಕೇಳಿದರು.

"ಹ್ಞೂಂ ಮಾವ, ಇದೆ," ಅಂದುಬಿಟ್ಟೆ.

ಬೊಂಬಾಯಿಯವರು ಬರಲು ಎರಡು ವಾರವಿತ್ತು. ಆ ವಾರ ಎಂಜಿನ್ ನೋಡಲು ಅಜ್ಜಂಪುರದಿಂದ ಮೇಸ್ತ್ರಿ ಬಂದಾಗ ಅವನಿಗೊಬ್ಬನಿಗೆ ಹೇಳಿದೆ. ಆರ್.ಸಿ. ಪುಸ್ತಕದಲ್ಲಿ ನಂಬರಿದೆ, ಪ್ಲೇಟು ಬಿಚ್ಚಿಕೊಡು, ಮತ್ತೆ ಹೊಡೆಸಿಕೊಂಡು ಬರುತ್ತೇನೆ. ನಮ್ಮಲ್ಲಿ ಅದು ಹೊಸದೇನಲ್ಲ. ಪಾತ್ರೆಯ ಮೇಲಿನ ಹೆಸರು ಸವೆದರೆ ಪಾತ್ರೆಯಂಗಡಿಗೆ ಒಯ್ದು ಮತ್ತೆ ಹಾಕಿಸುತ್ತಿದ್ದೆವು. ಅತ್ತೆಯ ತಾಯಿಯ ಕೊಳಗಕ್ಕೆ ಮೂರು ಸಲ ಹೆಸರು ಹಾಕಿಸಿದ್ದಾಗಿತ್ತು. ಅದರಿಂದ ಆ ಕೊಳಗ ಅವರ ತಾಯಿಯದು ಅಲ್ಲವೆಂದು ಯಾರೂ ಅಂದಿರಲಿಲ್ಲ.

ಮೇಸ್ತ್ರಿ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಬ್ಯಾಡ ಬಿಡಿ ಅಮ್ಮೋರೇ. ಸವೆದದ್ದು ಸವೆದಂಗೇ ಇರ್ಲಿ. ಇಷ್ಟು ವರ್ಸದ ಗಾಡಿ, ಸವೀದೆ ಇರ್ತದಾ?"

"ನಂಬರಿಲ್ಲದಿದ್ರೆ ಅವರು ತಗೊಳಲ್ಲಪ್ಪ. ಹುಡುಗಿ ವಿಷಯ ನಿನಗೆ ಗೊತ್ತಲ್ಲ."

ಹುಡುಗಿಯ ಮಾತೆತ್ತಿದ ಮೇಲೆ ಅವನು ಎದುರಾಡಲಿಲ್ಲ. ರಿವೆಟ್ ಕತ್ತರಿಸಿ ಪ್ಲೇಟನ್ನು ನನ್ನ ಕೈಗಿಟ್ಟ. "ನಂಗ್ಯಾಕೋ ಸರಿ ಕಾಣ್ತಿಲ್ಲ ಕಣಮ್ಮ," ಅಂದ. ಪ್ಲೇಟಿದ್ದ ಜಾಗದಲ್ಲಿ ಹಳೆಯ ಹಸಿರು ಬಣ್ಣ ಒದ್ದೆಯಾದ ಎಲೆಯ ಹಾಗೆ ಹೊಸದಾಗಿ ಉಳಿದಿತ್ತು. ನಾನು ಬೇಗ ಬಾನೆಟ್ ಮುಚ್ಚಿದೆ.

ಕಡೂರಿನಲ್ಲಿ ಹೊಡೆಸಿದರೆ ಸಂಜೆಯೊಳಗೆ ಮಾವನವರ ಕಿವಿಗೆ ಬೀಳುತ್ತದೆ. ಬಟ್ಟೆ ತರುವ ನೆಪದಲ್ಲಿ ತರೀಕೆರೆಗೆ ಹೊರಟೆ. ನಾದಿನಿ ಬಿಡಲಿಲ್ಲ, ಜೊತೆಗೆ ಬಂದಳು. ಬಸ್ ಸ್ಟ್ಯಾಂಡಿನಿಂದ ಪಾತ್ರೆಯಂಗಡಿಗೆ ಹೋಗುವಷ್ಟರಲ್ಲಿ ಮೂರು ಕಡೆ ನಿಂತಳು. ಅಂಗಡಿಯ ಕಟ್ಟೆಯ ಮೇಲೆ ಕೂತು ಎದೆಗೆ ಕೈ ಒತ್ತಿಕೊಂಡು ನಗುತ್ತಿದ್ದಳು, ನಾನು ಹೆದರದಿರಲಿ ಎಂದು.

ಅಂಗಡಿಯವನು ಪ್ಲೇಟನ್ನು ತಿರುಗಿಸಿ ನೋಡಿದ. "ಇದೇನಮ್ಮ, ಗೊಂಬೆ ಮದ್ವೆಗೆ ಪಾತ್ರೆ ಕೊಡ್ತಿದೀರಾ? ಯಾರ ಹೆಸ್ರು ಹಾಕ್ಲಿ?"

"ಹೆಸರಲ್ಲ, ನಂಬರು," ಎಂದು ಬರೆದ ಚೀಟಿ ಕೊಟ್ಟೆ.

"ಅತ್ತಿಗೆ, ಜಾಗ ಉಳಿದ್ರೆ ನನ್ ಹೆಸ್ರೂ ಹಾಕ್ಸಿಬಿಡಿ," ಅಂದಳು ನಾದಿನಿ. "ಒಂದ್ ಕಡೆಯಾದ್ರೂ ಉಳೀಲಿ."

"ಬಾಯ್ ಮುಚ್ಚೇ," ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಸಣ್ಣ ಉಳಿ, ಸಣ್ಣ ಸುತ್ತಿಗೆ. ಚುಕ್ಕಿ ಚುಕ್ಕಿಯಾಗಿ ಅಂಕಿಗಳು ಮೂಡಿದವು. ಅಂಗಡಿಯವನಿಗೆ ನಮ್ಮ ಮೇಲೆ ಏನು ಕನಿಕರ ಬಂತೋ, ಕೇಳದೆಯೇ ನಂಬರಿನ ಎರಡೂ ತುದಿಗೆ ಒಂದೊಂದು ಹೂವು ಹೊಡೆದ. ನಾಲ್ಕು ದಳದ ಹೂವು, ಮದುವೆಯ ತಟ್ಟೆಗಳಿಗೆ ಹಾಕುವಂಥದು. "ಇದಕ್ಕೆ ಬ್ಯಾರೆ ದುಡ್ಡು ಬ್ಯಾಡಮ್ಮ," ಅಂದ. ಚೆನ್ನಾಗಿ ಕಂಡಿತು, ಅದನ್ನು ಇವತ್ತಿಗೂ ಒಪ್ಪಿಕೊಳ್ಳಬೇಕು. ಅದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದಾಗ ನನ್ನ ಎದೆ ಹಗುರವಾಗಿತ್ತು. ಪಕ್ಕದಲ್ಲಿ ಅವಳ ಉಸಿರು ಬೀರೂರು ದಾಟಿದರೂ ಹದಕ್ಕೆ ಬಂದಿರಲಿಲ್ಲ.

ಮೇಸ್ತ್ರಿ ಬಂದು ಪ್ಲೇಟನ್ನು ಮತ್ತೆ ರಿವೆಟ್ ಹೊಡೆದು ಕೂರಿಸಿದ, ಮಾವನವರ ಮಂಜುಗಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ಬೊಂಬಾಯಿಯವರು ಬಂದದ್ದು ಸುಡುಬಿಸಿಲ ಮಧ್ಯಾಹ್ನ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೈಯಲ್ಲಿ ಟಾರ್ಚು, ಒಂದು ಭೂತಗನ್ನಡಿ. ಷರ್ಟಿನ ಚಿಂತೆಯಿಲ್ಲದೆ ಗಾಡಿಯ ಕೆಳಗೆ ಅಂಗಾತ ಮಲಗಿದರು. ಬಿರುಕು ಬಿಟ್ಟ ಲೆದರ್ ಸೀಟು ಸವರಿ "ಲವ್ಲಿ, ಲವ್ಲಿ" ಅಂದರು. ಜಾಕು, ಸ್ಪ್ಯಾನರುಗಳ ಗಂಟು, ಎಲ್ಲವೂ ಇಂಗ್ಲೆಂಡಿನಿಂದ ಬಂದದ್ದೇ. ಮಾವನವರಿಗೆ ಭಾಷೆ ತಿಳಿಯದಿದ್ದರೂ ಮುಖ ಅರಳುತ್ತ ಹೋಯಿತು. ಗೋಡೌನಿನ ಮೆಟ್ಟಿಲ ಮೇಲೆ ನಾದಿನಿ ಕೂತಿದ್ದಳು. ಅತ್ತೆ ಒಳಗೆ ಪಾಯಸಕ್ಕಿಟ್ಟಿದ್ದರು.

ಬಾನೆಟ್ ಎತ್ತಿದರು. ಟಾರ್ಚಿನ ಬೆಳಕು ಪ್ಲೇಟಿನ ಮೇಲೆ ನಿಂತಿತು. ಭೂತಗನ್ನಡಿ ಬೇಕಾಗಲಿಲ್ಲ. ಉಗುರಿನಿಂದ ಒಂದು ಹೂವನ್ನು ಸವರಿದರು. ಆಮೇಲೆ ಕೆಳಗೆ ಬಗ್ಗಿ, ಛಾಸಿಯ ಕಬ್ಬಿಣದ ಮೇಲೆ ಕೂತಿದ್ದ ಗ್ರೀಸನ್ನು ಬಟ್ಟೆಯಿಂದ ಉಜ್ಜಿದರು. ಅಲ್ಲಿ ಕಾರ್ಖಾನೆಯವರು ಹೊಡೆದಿದ್ದ ನಂಬರು ಗಟ್ಟಿಯಾಗಿ, ಸ್ಪಷ್ಟವಾಗಿ ಇತ್ತು. ಎಂಜಿನ್ನಿನ ಮೈಮೇಲೂ ಇತ್ತು. ಅಂಥ ಜಾಗಗಳಲ್ಲಿ ನಂಬರಿರುತ್ತದೆಂದೇ ನನಗೆ ಗೊತ್ತಿರಲಿಲ್ಲ.

"ಹೂ ಹ್ಯಾಸ್ ಡನ್ ದಿಸ್, ಮೇಡಂ?" ಎಂದು ನನ್ನನ್ನೇ ಕೇಳಿದರು.

ಅವರು ಕೂಗಾಡಲಿಲ್ಲ, ಬೇಸರದಿಂದ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಸವೆದ ಪ್ಲೇಟಿದ್ದರೆ ನಾನು ಹಾಗೆಯೇ ಕೊಳ್ಳುತ್ತಿದ್ದೆ. ಸವೆದದ್ದೂ ಒರಿಜಿನಲ್ಲೇ. ಇದು ಮಾತ್ರ ಹಾಗಲ್ಲ. ಪ್ಲೇಟಿಗೆ ಕೈ ಹಾಕಿದವರು ಇನ್ನೆಲ್ಲಿ ಕೈ ಹಾಕಿದ್ದಾರೋ ಎಂದು ನಾಳೆ ನನ್ನಿಂದ ಕೊಳ್ಳುವವನು ಕೇಳುತ್ತಾನೆ. ಅವನಿಗೆ ನಾನೇನು ಹೇಳಲಿ? ಮೂರರಲ್ಲಿ ಒಂದು ಪಾಲು, ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ.

"ಏನಂತಮ್ಮ?" ಅಂದರು ಮಾವನವರು.

ಅಲ್ಲಿ ನಾನು ಎಲ್ಲವನ್ನೂ ಹೇಳಬಹುದಿತ್ತು. "ಪ್ಲೇಟು ಒರಿಜಿನಲ್ ಅಲ್ಲವಂತೆ ಮಾವ. ಮೂರರಲ್ಲೊಂದು ಪಾಲು ಕೊಡ್ತಾರಂತೆ," ಅಂದೆ. ಅಷ್ಟೇ ಅಂದೆ.

"ಅಲ್ವಂತಾ? ನೀನೇ ನೋಡಿ ಸರಿಯಾಗೈತೆ ಅಂದೆಯಲ್ಲ?"

"ಪುಸ್ತಕದಲ್ಲಿರೋ ನಂಬರೇ ಇದೆ ಮಾವ."

ಅದು ಸುಳ್ಳಲ್ಲ. ಆ ಮಾತನ್ನು ನಂಬಿಯೇ ಅವರು ರುಮಾಲು ಸರಿಮಾಡಿಕೊಂಡು ಎದ್ದು ನಿಂತದ್ದು. "ಹಂಗಾದ್ರೆ ಇವನು ರೇಟು ಇಳ್ಸೋಕೆ ಆಟ ಆಡ್ತಾವ್ನೆ. ನನ್ನ ಗಾಡೀನ ಸುಳ್ಳು ಅಂದೋನಿಗೆ ನಾನು ಕೊಡಾಕಿಲ್ಲ. ಪಾಯಸ ಕುಡ್ಕೊಂಡು ಹೋಗು ಅಂತ ಹೇಳಮ್ಮ." ಹೇಳಿದೆ. ಅವರು ಪಾಯಸ ಕುಡಿಯಲಿಲ್ಲ. ಮೆಟ್ಟಿಲ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಇನ್ನೊಬ್ಬ ಬೈಯರ್ ಬರುತ್ತಾನೆಂದು ಕಾದೆವು. ಹಳೆಯ ಕಾರು ಕೊಳ್ಳುವವರ ಲೋಕ ಚಿಕ್ಕದು, ಸುದ್ದಿ ಹಬ್ಬಿತ್ತು. ನಾನು ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಡಾಕ್ಟರು ಕೊಟ್ಟ ವರ್ಷ ದಾಟಿತು. ಕೊನೆಗೆ ಶಿವನಿಯ ಕಡೆಯ ಕಂಟ್ರಾಕ್ಟರೊಬ್ಬ ಬೊಂಬಾಯಿಯವರು ಹೇಳಿದ್ದಕ್ಕಿಂತಲೂ ಕಡಿಮೆಗೆ ಕೊಂಡು, ಲಾರಿಯ ಮೇಲೆ ಹೇರಿಕೊಂಡು ಹೋದ. ಕೆಂಪು ಬಣ್ಣ ಹೊಡೆಸಿ ಜೀಪಿನ ಎಂಜಿನ್ ಕೂರಿಸಿದನಂತೆ. ಕಮ್ಮಿ ಬಿದ್ದ ದುಡ್ಡಿಗೆ ಮಾವನವರು ದೇವನೂರಿನ ಪಾಲನ್ನು ದಾಯಾದಿಗಳು ಹೇಳಿದ ರೇಟಿಗೆ ಬಿಟ್ಟುಕೊಟ್ಟರು. ಮದ್ರಾಸಿಗೆ ಕರೆದೊಯ್ಯುವಷ್ಟರಲ್ಲಿ ಆ ವಾಲ್ವು ಬಿಡಿಸಿ ಅಗಲ ಮಾಡುವ ಸ್ಥಿತಿ ಮೀರಿತ್ತು. ಅದನ್ನು ತೆಗೆದು ಬೇರೆ ಹಾಕಿದರು, ಲೋಹದ್ದು.

ಬದುಕಿ ಬಂದಳು. ಆದರೆ ಅವಳ ಎದೆಯಿಂದ ಸದ್ದು ಬರುತ್ತಿತ್ತು, ಕೈಗಡಿಯಾರದಂಥ ಸದ್ದು. ದಿನವೂ ರಕ್ತ ತೆಳುವಾಗಿಸುವ ಮಾತ್ರೆ. ನೋಡಲು ಬಂದ ಗಂಡಿನ ಕಡೆಯವರು ಆ ಸದ್ದು ಕೇಳಿ ಎದ್ದು ಹೋದರು. ಅವರು ಹೋದ ಮೇಲೆ ನಗುತ್ತ ಅಂದಳು, "ನಾನೂ ಒರಿಜಿನಲ್ ಅಲ್ಲ ಕಣ್ರೀ ಅತ್ತಿಗೆ. ರೇಟು ಬಿದ್ದೋಯ್ತು."

ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಅವತ್ತು ಅವ್ರು ಅಂದಿದ್ದು ನಂಗೂ ತಿಳೀತು. ಸವೆದಿದ್ರೆ ತಗೊಳ್ತಿದ್ದೆ ಅಂದ್ರು. ನೀವೇ ಅಲ್ವಾ ಇಂಗ್ಲಿಷ್ ಕಲ್ಸಿದ್ದು?"

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಈ ಮನೇಲಿ ನಿಮ್ಮನ್ನ ಬಾಳೋಕೆ ಬಿಡ್ತಿದ್ರಾ? ನಂಗ್ಯಾರಿದ್ರು ಆಮೇಲೆ?"

ಪಾತ್ರೆ ಉಜ್ಜುವ ನೇಮ ಮಾತ್ರ ತಪ್ಪಲಿಲ್ಲ. ಭಾನುವಾರ ಸಂಜೆ ಹಿತ್ತಿಲಿನಲ್ಲಿ ನಾನು ಉಜ್ಜುತ್ತಿದ್ದೆ, ಅವಳು ನನ್ನ ಬೆನ್ನ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮ್ಯಾಗಜೀನ್ ಓದುತ್ತಿದ್ದಳು. ನಡುನಡುವೆ ನಾನು ಕೈ ನಿಲ್ಲಿಸುತ್ತಿದ್ದೆ. ಬೂದಿಯ ಗರಗರ ನಿಂತರೆ ಅವಳ ಎದೆಯ ಆ ಸದ್ದು ಕೇಳಿಸುತ್ತಿತ್ತು. ಕೇಳಿಸಿದ ಮೇಲೆ ಮತ್ತೆ ಉಜ್ಜುತ್ತಿದ್ದೆ. ಹೀಗೆ ಎಂಟು ವರ್ಷ.

ಒಂದು ಭಾನುವಾರ ಅತ್ತೆಯ ತಾಯಿಯ ಕೊಳಗ ಕೈಯಲ್ಲಿತ್ತು, ಬೆನ್ನ ಹಿಂದೆ ಕಲ್ಲಿನ ಮೇಲೆ ಅವಳಿದ್ದಳು. ನಿಲ್ಲಿಸಿದೆ. ನಲ್ಲಿಯ ನೀರು ತೊಟ್ಟಿಕ್ಕುವುದು ಕೇಳಿಸಿತು. ಗೋಡೌನಿನಲ್ಲಿ ಯಾರೋ ಚೀಲ ಎತ್ತಿಹಾಕಿದ್ದು ಕೇಳಿಸಿತು, ಅಷ್ಟೇ. ಹಿಂದಿರುಗಿ ನೋಡುವ ಮೊದಲು ನಾನು ಎಷ್ಟು ಹೊತ್ತು ಹಾಗೆಯೇ ಕೂತಿದ್ದೆನೋ, ಕೈಯಲ್ಲಿದ್ದ ಹುಣಸೆಹಣ್ಣು ಒಣಗಿ ಬೆರಳಿಗೆ ಅಂಟಿಕೊಂಡಿತ್ತು.